‘ಎಷ್ಟು ರಿಕ್ಟರ್ ತಾಳುತ್ತದೆ?’ – ಪರಮಾಣು ಸ್ಥಾವರದ ಸುದ್ದಿಯನ್ನು ಓದುವ ಬಗೆ

ಎಲ್ಲಿಯಾದರೂ ದೊಡ್ಡ ಭೂಕಂಪವಾದ ಮರುದಿನ ಪತ್ರಿಕೆಯನ್ನು ಬಿಡಿಸಿ ನೋಡಿ. ‘ರಿಕ್ಟರ್ ಮಾಪಕದಲ್ಲಿ ಇಷ್ಟು ತೀವ್ರತೆ ದಾಖಲಾಗಿದೆ’ ಎಂಬ ವಾಕ್ಯ ಮೊದಲ ಪುಟದಲ್ಲೇ ಇರುತ್ತದೆ. ಆ ಪ್ರದೇಶದಲ್ಲಿ ಪರಮಾಣು ವಿದ್ಯುತ್ ಸ್ಥಾವರವಿದ್ದರೆ, ಅದು ‘ಇಷ್ಟು ರಿಕ್ಟರ್‌ವರೆಗೆ ತಾಳಬಲ್ಲದು’ ಎಂಬ ಇನ್ನೊಂದು ವಾಕ್ಯವೂ ಜೊತೆಗೆ ಬರುತ್ತದೆ. ಮೊದಲನೆಯ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಎರಡನೆಯದಕ್ಕೆ ಅರ್ಥವೇ ಇಲ್ಲ. ವಿದ್ಯಾರ್ಥಿಗಳು ಈ ಸುದ್ದಿಯನ್ನೇ ತರಗತಿಗೆ ತರುವುದರಿಂದ ಶಿಕ್ಷಕರಾದ ನೀವು ಇದನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ರಿಕ್ಟರ್ ಮಾಪಕ ಎಂಬ ಉಪಕರಣ ಎಲ್ಲಿಯೂ ಇಲ್ಲ. ಕಂಪನವನ್ನು ದಾಖಲಿಸುವುದು ಭೂಕಂಪಲೇಖಿ. ಆ ದಾಖಲೆಯಿಂದ ಲೆಕ್ಕ ಹಾಕಿ ಪಡೆಯುವ ಅಂಕಿಗೆ ಪರಿಮಾಣ ಎಂದು ಹೆಸರು. ಚಾರ್ಲ್ಸ್ ರಿಕ್ಟರ್ 1935ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಭೂಕಂಪಗಳಿಗಾಗಿ ಈ ಲಾಗರಿತಮ್ ಅಳತೆಯನ್ನು ರೂಪಿಸಿದರು. ಬಹಳ ದೊಡ್ಡ ಭೂಕಂಪಗಳನ್ನು ಅಳೆಯಲು ಅದು ಸಾಲದು. 1979ರಲ್ಲಿ ಹ್ಯಾಂಕ್ಸ್ ಮತ್ತು ಕನಮೋರಿ ಮಂಡಿಸಿದ ‘ಮೊಮೆಂಟ್ ಪರಿಮಾಣ’ವೇ ಇಂದು ದೊಡ್ಡ ಭೂಕಂಪಗಳಿಗೆ ಬಳಕೆಯಲ್ಲಿದೆ. ರಿಕ್ಟರ್ ಅವರ ಹೆಸರು ಸುದ್ದಿಮನೆಗಳಲ್ಲಿ ಮಾತ್ರ ಉಳಿದುಕೊಂಡಿದೆ.

ಇದು ಕ್ಷಮಿಸಬಹುದಾದ ತಪ್ಪು. ‘ತೀವ್ರತೆ’ ಎಂಬ ಪದದ ವಿಷಯ ಹಾಗಲ್ಲ. ಭೂಕಂಪ ವಿಜ್ಞಾನದಲ್ಲಿ ಪರಿಮಾಣ ಬೇರೆ, ತೀವ್ರತೆ ಬೇರೆ. ಜಾತ್ರೆಯಲ್ಲಿ ಸಿಡಿಸುವ ಗರ್ನಾಲನ್ನು ನೆನಪಿಸಿಕೊಳ್ಳಿ. ಅದರಲ್ಲಿ ತುಂಬಿದ ಮದ್ದು ಎಷ್ಟು ಎಂಬುದಕ್ಕೆ ಒಂದೇ ಉತ್ತರ. ಆದರೆ ದೇವಸ್ಥಾನದ ಪಕ್ಕದ ಮನೆಯಲ್ಲಿ ಕಿಟಕಿಯ ಗಾಜು ನಡುಗಿದರೆ, ಆಚೆ ಊರಿನಲ್ಲಿ ಒಂದು ಸಣ್ಣ ಸದ್ದು ಮಾತ್ರ ಕೇಳುತ್ತದೆ. ಮದ್ದಿನ ಲೆಕ್ಕ ಪರಿಮಾಣ, ನಿಮ್ಮ ಮನೆಯ ಅನುಭವ ತೀವ್ರತೆ. ಒಂದು ಭೂಕಂಪಕ್ಕೆ ಪರಿಮಾಣ ಒಂದೇ, ತೀವ್ರತೆ ಊರಿಗೊಂದು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿದ್ದೂ ನಾವು ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದ್ದೇವೆ. ‘ಇಷ್ಟು ರಿಕ್ಟರ್ ತಾಳುತ್ತದೆ’ ಎಂಬ ಮಾತು ಹುಟ್ಟಿದ್ದೂ ಈ ಗೊಂದಲದಿಂದಲೇ. ಎಷ್ಟು ದೂರದಲ್ಲಿ, ಎಂಥ ನೆಲದ ಮೇಲೆ ಎಂದು ಹೇಳದೆ ಅದಕ್ಕೆ ಅರ್ಥ ಬರುವುದಿಲ್ಲ.

ನಮ್ಮ ದೇಶದ್ದೇ ಎರಡು ಉದಾಹರಣೆಗಳನ್ನು ನೋಡಿ. 1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಆದ ಭೂಕಂಪದ ಪರಿಮಾಣ ಸುಮಾರು 6.3. ಆದರೂ ಅಣೆಕಟ್ಟಿನೊಳಗಿದ್ದ ಉಪಕರಣ 0.63 ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಶೇಕಡಾ 63ರಷ್ಟು, ವೇಗೋತ್ಕರ್ಷವನ್ನು ದಾಖಲಿಸಿತು. 2001ರ ಜನವರಿ 26ರ ಭುಜ್ ಭೂಕಂಪದ ಪರಿಮಾಣ 7.7. ಪರಿಮಾಣ 1 ಹೆಚ್ಚಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಹಾಗಾಗಿ ಭುಜ್‌ನ ಶಕ್ತಿ ಕೊಯ್ನಾದ ನೂರು ಪಟ್ಟಿಗೂ ಹೆಚ್ಚು. ಆ ದಿನ ಗುಜರಾತಿನದೇ ಕಾಕ್ರಪಾರ್ ಪರಮಾಣು ಸ್ಥಾವರ ನಿಲ್ಲದೆ ವಿದ್ಯುತ್ ಉತ್ಪಾದಿಸುತ್ತಲೇ ಇತ್ತು. ನಮ್ಮ ಸ್ಥಾವರಗಳ ಗಟ್ಟಿತನಕ್ಕೆ ಇದನ್ನೇ ಸಾಕ್ಷಿಯಾಗಿ ಹೇಳುವುದುಂಟು. ಆದರೆ ಕಾಕ್ರಪಾರ್ ಅಧಿಕೇಂದ್ರದಿಂದ 400 ಕಿಲೋಮೀಟರಿನಷ್ಟು ದೂರದಲ್ಲಿದೆ. ಸ್ಥಾವರ ಚೆನ್ನಾಗಿಯೇ ಕಟ್ಟಿರಬಹುದು. ಭುಜ್ ಮಾತ್ರ ಅದಕ್ಕೆ ಪರೀಕ್ಷೆಯಾಗಿರಲಿಲ್ಲ.

ಸ್ಥಾವರವನ್ನು ವಿನ್ಯಾಸ ಮಾಡುವ ಎಂಜಿನಿಯರ್ ರಿಕ್ಟರ್ ಅಂಕಿಯನ್ನು ಹಿಡಿದು ಕಬ್ಬಿಣ, ಸಿಮೆಂಟುಗಳ ಲೆಕ್ಕ ಹಾಕುವುದಿಲ್ಲ. ಸುತ್ತಲಿನ ಸ್ತರಭಂಗಗಳಲ್ಲಿ ಭೂಕಂಪವಾದರೆ ಕಟ್ಟಡದ ತಳದಲ್ಲಿ ಎಷ್ಟು ವೇಗೋತ್ಕರ್ಷ ಉಂಟಾಗಬಹುದು, ಯಾವ ಆವೃತ್ತಿಯಲ್ಲಿ ಎಷ್ಟು ಎಂಬುದು ಅವರ ಪ್ರಶ್ನೆ. ವೇಗೋತ್ಕರ್ಷದ ಏಕಮಾನ ‘ಗಾಲ್’ – ಸೆಕೆಂಡಿಗೆ ಸೆಕೆಂಡಿಗೆ ಒಂದು ಸೆಂಟಿಮೀಟರ್. ಒಂದು ಜಿ ಎಂದರೆ ಸುಮಾರು 980 ಗಾಲ್. ಜಪಾನಿನ ಕಾಶಿವಾಜಾಕಿ-ಕಾರಿವಾ ಸ್ಥಾವರದಲ್ಲಿ ಏಳು ರಿಯಾಕ್ಟರ್‌ಗಳಿವೆ, ಸಾಮರ್ಥ್ಯದಲ್ಲಿ ಜಗತ್ತಿನಲ್ಲೇ ದೊಡ್ಡದು. 2007ರ ಜುಲೈ 16ರಂದು ಅದರ ಸಮೀಪದ ಸಮುದ್ರದಡಿ 6.6 ಪರಿಮಾಣದ ಭೂಕಂಪವಾಯಿತು. ಜಪಾನಿಗೆ ಇದೇನೂ ಭಾರಿ ಅಂಕಿಯಲ್ಲ. ಆದರೆ ಒಂದನೆಯ ಘಟಕದ ತಳದಲ್ಲಿ ದಾಖಲಾದದ್ದು 680 ಗಾಲ್. ವಿನ್ಯಾಸದಲ್ಲಿ ಎಣಿಸಿದ್ದು 273. ಎರಡೂವರೆ ಪಟ್ಟು! ಆದರೂ ರಿಯಾಕ್ಟರ್‌ಗಳು ತಾವಾಗಿ ನಿಂತವು, ಮುಖ್ಯ ಭಾಗಗಳು ಉಳಿದವು. ಉರಿದದ್ದು ಒಂದು ಟ್ರಾನ್ಸ್‌ಫಾರ್ಮರ್. ಎಂಜಿನಿಯರುಗಳು ಹಂತಹಂತವಾಗಿ ಇಟ್ಟುಕೊಂಡಿದ್ದ ಹೆಚ್ಚುವರಿ ಬಲ ಸ್ಥಾವರವನ್ನು ಕಾಯಿತು, ಭೂವಿಜ್ಞಾನದ ಅಂದಾಜು ಸೋತಿತು. ಎರಡನ್ನೂ ಒಟ್ಟಿಗೆ ಹೇಳಿದ ವರದಿಗಳು ಕಡಿಮೆ. ಒಂದು ಪಾಳಯ ಮೊದಲನೆಯದನ್ನು ಹೇಳಿತು, ಇನ್ನೊಂದು ಎರಡನೆಯದನ್ನು.

ಇನ್ನು ‘ರಿಯಾಕ್ಟರ್ ಸುರಕ್ಷಿತವಾಗಿ ಸ್ಥಗಿತಗೊಂಡಿದೆ’ ಎಂಬ ವಾಕ್ಯ. ನೆಲ ನಡುಗಿದ ಕೂಡಲೇ ನಿಯಂತ್ರಣ ಸರಳುಗಳು ಒಳಸೇರಿ ವಿದಳನ ಸರಪಳಿ ನಿಲ್ಲುತ್ತದೆ, ನಿಜ. ಶಾಖ ನಿಲ್ಲುವುದಿಲ್ಲ. ವಿದಳನದಿಂದ ಹುಟ್ಟಿದ ವಿಕಿರಣಶೀಲ ಧಾತುಗಳು ಕ್ಷಯಿಸುತ್ತ ಶಾಖವನ್ನು ಬಿಡುತ್ತಲೇ ಇರುತ್ತವೆ. ನಿಂತ ಕ್ಷಣದಲ್ಲಿ ಇದು ಪೂರ್ಣ ಶಾಖಸಾಮರ್ಥ್ಯದ ಶೇಕಡಾ 6ರಿಂದ 7. ಒಂದು ಗಂಟೆಯ ಬಳಿಕ ಶೇಕಡಾ 1.5ರ ಆಸುಪಾಸು. ಕಡಿಮೆ ಎನಿಸಿತೇ? ಫುಕುಶಿಮಾ ದೈಯಿಚಿಯ ಎರಡನೆಯ ಘಟಕದ ಶಾಖಸಾಮರ್ಥ್ಯ 2381 ಮೆಗಾವಾಟ್. ಅದರ ಶೇಕಡಾ 1.5 ಎಂದರೆ ಸುಮಾರು 36 ಮೆಗಾವಾಟ್. ಒಂದು ಕಿಲೋವಾಟಿನ 36 ಸಾವಿರ ವಿದ್ಯುತ್ ಒಲೆಗಳನ್ನು ಒಂದು ಪಾತ್ರೆಯೊಳಗೆ ಉರಿಸಿದಂತೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಆಮೇಲೆ ಸುದ್ದಿಯನ್ನು ಓದಿಸಿ.

2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ನಡೆದದ್ದೂ ಇದೇ. ಭೂಕಂಪದ ಪರಿಮಾಣ 9. ಓಡುತ್ತಿದ್ದ ಮೂರು ರಿಯಾಕ್ಟರ್‌ಗಳು ನಿಂತವು. ಕಂಪನದಿಂದ ಹೊರಗಿನ ವಿದ್ಯುತ್ ಕಡಿದುಹೋಯಿತು, ಡೀಸೆಲ್ ಜನರೇಟರುಗಳು ಚಾಲೂ ಆದವು. ಸುಮಾರು 50 ನಿಮಿಷಗಳ ನಂತರ 14-15 ಮೀಟರ್ ಎತ್ತರದ ಸುನಾಮಿ ನೀರು 10 ಮೀಟರ್ ಎತ್ತರದ ಅಂಗಳಕ್ಕೆ ನುಗ್ಗಿತು. ಕಂಪನಿ ಲೆಕ್ಕಕ್ಕೆ ಹಿಡಿದಿದ್ದ ಅಲೆಯ ಎತ್ತರ 5.7 ಮೀಟರ್. ಜನರೇಟರುಗಳು ಮುಳುಗಿದವು, ಪಂಪುಗಳು ನಿಂತವು, ಕ್ಷಯದ ಶಾಖ ಇಂಧನವನ್ನು ಕರಗಿಸಿತು. ಬಿಸಿಯೇರಿದ ಜಿರ್ಕೋನಿಯಂ ಕವಚ ಹಬೆಯೊಡನೆ ವರ್ತಿಸಿ ಹೈಡ್ರೊಜನ್ ಹುಟ್ಟಿತು, ಟಿ.ವಿ.ಯಲ್ಲಿ ನಾವು ಕಂಡ ಸ್ಫೋಟ ಅದರದು. ಅದು ಪರಮಾಣು ಸ್ಫೋಟವಾಗಿರಲಿಲ್ಲ. ಹಿರೋಶಿಮಾದ ಚಿತ್ರವನ್ನು ಪಕ್ಕದಲ್ಲಿಟ್ಟು ತೋರಿಸುವುದು ಭಯವನ್ನು ಮಾರುವ ಕೆಲಸವೇ ಹೊರತು ಎಚ್ಚರಿಸುವ ಕೆಲಸವಲ್ಲ.

ಅದೇ ಭೂಕಂಪದ ಅಧಿಕೇಂದ್ರಕ್ಕೆ ಇನ್ನೂ ಹತ್ತಿರವಿದ್ದ ಓನಾಗಾವಾ ಸ್ಥಾವರಕ್ಕೆ ಸುಮಾರು 13 ಮೀಟರ್ ಅಲೆ ಬಂತು. ಅಲ್ಲಿಯ ಅಂಗಳದ ಎತ್ತರ 14.8 ಮೀಟರ್. ಭೂಕಂಪದಲ್ಲಿ ನೆಲವೇ ಒಂದು ಮೀಟರ್ ಕುಸಿದಿದ್ದರೂ ಸ್ಥಾವರ ಉಳಿಯಿತು. ಮನೆ ಕಳೆದುಕೊಂಡ ಸುತ್ತಲಿನ ಜನ ಅದರ ವ್ಯಾಯಾಮಶಾಲೆಯಲ್ಲೇ ಆಶ್ರಯ ಪಡೆದರು. ಒಂದೇ ಭೂಕಂಪ, ಒಂದೇ ರಿಕ್ಟರ್ ಅಂಕಿ, ಎರಡು ಗತಿ. ವ್ಯತ್ಯಾಸವಾದದ್ದು ಕೆಲವು ಮೀಟರ್ ಎತ್ತರದಲ್ಲಿ.

ಈ ಪಾಠ ನಮಗೆ ಹೊಸದಾಗಬೇಕಿರಲಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಲ್ಪಾಕ್ಕಂ ಸ್ಥಾವರದ ಪಂಪ್‌ಹೌಸಿಗೆ ಸಮುದ್ರದ ನೀರು ನುಗ್ಗಿ, ಓಡುತ್ತಿದ್ದ ರಿಯಾಕ್ಟರನ್ನು ನಿಲ್ಲಿಸಬೇಕಾಯಿತು. ಆ ಭೂಕಂಪವಾದದ್ದು ಸಾವಿರಾರು ಕಿಲೋಮೀಟರ್ ಆಚೆ, ಸುಮಾತ್ರಾದ ಬಳಿ. ಕಲ್ಪಾಕ್ಕಂ ‘ಎಷ್ಟು ರಿಕ್ಟರ್ ತಾಳುತ್ತದೆ’ ಎಂಬ ಪ್ರಶ್ನೆಗೆ ಅಂದು ಸಂಬಂಧವೇ ಇರಲಿಲ್ಲ.

ನಮ್ಮ ಕೈಗಾ ಇರುವುದು ಕಾಳಿ ನದಿಯ ದಂಡೆಯಲ್ಲಿ, ಕದ್ರಾ ಜಲಾಶಯದ ಪಕ್ಕ. ನದಿಯ ಮೇಲ್ಭಾಗದಲ್ಲಿ ಕೊಡಸಳ್ಳಿ, ಅದಕ್ಕೂ ಮೇಲೆ ಸೂಪಾ ಅಣೆಕಟ್ಟು. ಆದ್ದರಿಂದ ಕೈಗಾ ಬಗ್ಗೆ ವರದಿಗಾರರು ಕೇಳಬೇಕಾದದ್ದು ಬೇರೆ: ತಳದಲ್ಲಿ ಎಣಿಸಿರುವ ವೇಗೋತ್ಕರ್ಷ ಎಷ್ಟು, ಮೇಲಿನ ಅಣೆಕಟ್ಟು ಒಡೆದರೆ ನೀರು ಎಷ್ಟು ಎತ್ತರಕ್ಕೆ ಬರುತ್ತದೆ, ಜನರೇಟರುಗಳು ಅದಕ್ಕಿಂತ ಮೇಲಿವೆಯೇ, ಹೊರಗಿನ ವಿದ್ಯುತ್ ಇಲ್ಲದೆ ಎಷ್ಟು ದಿನ ತಂಪು ಮಾಡಬಹುದು? ಎಂಜಿನಿಯರುಗಳು ಇವಕ್ಕೆ ಮೀಟರಿನಲ್ಲಿ, ದಿನಗಳಲ್ಲಿ ಉತ್ತರ ಕೊಡಬಲ್ಲರು. ಕೇಳದಿದ್ದರೆ ‘ಆತಂಕ ಬೇಡ’ ಎಂಬ ಒಂದು ಸಾಲಿನ ಹೇಳಿಕೆಯೇ ಗತಿ.

2024ರ ಜನವರಿ 1ರಂದು ಜಪಾನಿನ ನೋಟೋ ಪರ್ಯಾಯದ್ವೀಪದಲ್ಲಿ 7.5 ಪರಿಮಾಣದ ಭೂಕಂಪವಾದಾಗ ವರದಿಗಳು ಅಲ್ಲಿಯ ಶಿಕಾ ಸ್ಥಾವರದ ಟ್ರಾನ್ಸ್‌ಫಾರ್ಮರುಗಳಿಂದ ಎಣ್ಣೆ ಸೋರಿದ್ದನ್ನು ಹೇಳಿದವು. ನೋಟೋ ಕರಾವಳಿಯ ಕೆಲವೆಡೆ ನೆಲ ಸುಮಾರು 4 ಮೀಟರ್ ಮೇಲೆದ್ದು ಬಂದರುಗಳು ಒಣಗಿದವು. ಸಮುದ್ರದ ನೀರನ್ನು ಸೆಳೆದು ತಂಪಾಗುವ ಸ್ಥಾವರವೊಂದು ಅಂಥ ಜಾಗದಲ್ಲಿದ್ದಿದ್ದರೆ ನೀರು ಎಲ್ಲಿಂದ ಬರಬೇಕಿತ್ತು? ಅದೇ ಪರ್ಯಾಯದ್ವೀಪದ ತುದಿಯ ಸುಜು ಪಟ್ಟಣದಲ್ಲಿ ಒಂದು ಪರಮಾಣು ಸ್ಥಾವರವನ್ನು ಕಟ್ಟುವ ಯೋಜನೆ ಇತ್ತು. ಸ್ಥಳೀಯರು ವರ್ಷಗಟ್ಟಲೆ ವಿರೋಧಿಸಿದರು. 2003ರಲ್ಲಿ ಕಂಪನಿಗಳು ಅದನ್ನು ಕೈಬಿಟ್ಟವು.