ಮಾಳಿಗೆಯ ಕೆಳಗಿನ ನುಡಿ: ಕೋಸಗಿ ಸೀಮೆಯ ಕಲ್ಲುಮನೆ

ಆದೋನಿ ಸೀಮೆಯ ವಾಸ್ತುವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆದೋನಿಯ ಕೋಟೆ ಮತ್ತು ಜಾಮಿಯಾ ಮಸೀದಿಯ ಬಳಿಯೇ ನಿಂತುಬಿಡುತ್ತಾರೆ. ಕೋಸಗಿಯ ಸುತ್ತಣ ಹಳೆಯ ಕಲ್ಲುಮನೆಗೆ ಸಿಗುವುದು ‘ಸರಳ’ ಎಂಬ ಒಂದೇ ವಿಶೇಷಣ. ಅದನ್ನು ನಾನು ಒಪ್ಪಲಾರೆ.

ಈ ಮನೆಯ ಹೊರಗೋಡೆ ನೋಡುವವನಿಗೆ ಏನನ್ನೂ ಹೇಳುವುದಿಲ್ಲ. ಎರಡು ಮುಖದ ಕಲ್ಲುಗಳ ನಡುವೆ ಚೂರುಗಲ್ಲು, ಮಣ್ಣು ತುಂಬಿದ ದಪ್ಪ ಗೋಡೆ. ಕಿಟಕಿ ಇಲ್ಲವೆನ್ನುವಷ್ಟು ಕಡಿಮೆ. ಬೆಳಕು ಇಳಿಯುವುದು ಮಾಳಿಗೆಯ ಗವಾಕ್ಷಿಯಿಂದ. ಮನೆಯ ಜಾಣ್ಮೆಯೆಲ್ಲ ಇರುವುದೂ ಅಲ್ಲಿಯೇ. ಹಲವು ಮನೆಗಳಲ್ಲಿ ಮಾಳಿಗೆಯ ಭಾರವನ್ನು ಒಳಗಿನ ಮರದ ಕಂಬಗಳೇ ಹೊರುತ್ತವೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆಯ ಸೀಳು, ಸೊಪ್ಪು, ಮಣ್ಣು, ಕಡೆಗೆ ಸೌಳುಮಣ್ಣಿನ ಪದರ. ಸೋಡಿಯಂ ಹೆಚ್ಚಿರುವ ಈ ಮಣ್ಣು ನೆನೆದಾಗ ಜೇಡಿಯ ಕಣಗಳು ಚೆದುರಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯದು. ಬೆಳೆಗೆ ಒಗ್ಗದ ಮಣ್ಣು ಮಾಳಿಗೆಗೆ ಒಗ್ಗಿತು! ಆದರೆ ಮಳೆ ಅದನ್ನು ಕೊಚ್ಚಿ ಒಯ್ಯುವುದರಿಂದ ಮುಂಗಾರಿಗೆ ಮುನ್ನ ಮತ್ತೆ ಹರಡಬೇಕು. ಇಂಥ ಮನೆಗೆ ‘ಕಟ್ಟಿದ ವರ್ಷ’ವನ್ನು ಹುಡುಕುವುದೇ ಅಸಂಗತವೆನಿಸುತ್ತದೆ.

ಸುರಪುರದ ಟೇಲರ್ ಮಂಜಿಲ್ ಇದಕ್ಕೆ ತೀರ ವಿರುದ್ಧ. 1841ರಿಂದ 1853ರವರೆಗೆ ಅಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರನ ಆ ಬಂಗಲೆ ಬೆಟ್ಟದ ಮೇಲೆ ನಿಂತು ಹೊರಗನ್ನು ನೋಡುತ್ತದೆ. ಅದಕ್ಕೆ ಒಡೆಯನ ಹೆಸರಿದೆ. ಬೆನ್ನಿಗೆ 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯೂ ಇದೆ. ಓದಲು ಪುಸ್ತಕವಿರುವ ಮನೆಯನ್ನು ನಮ್ಮ ವಿದ್ವತ್ತು ಬೇಗ ‘ಚಾರಿತ್ರಿಕ’ವೆಂದು ಗುರುತಿಸುತ್ತದೆ.

ಕೋಸಗಿಯ ಮನೆಗಿರುವ ದಾಖಲೆ ಅದರ ಪದಕೋಶ. ಗೋಡೆ, ಮಾಳಿಗೆ, ಪಡಸಾಲೆ, ಗವಾಕ್ಷಿ ಇವು ಅಲ್ಪಸ್ವಲ್ಪ ಧ್ವನಿವ್ಯತ್ಯಾಸದೊಡನೆ ತೆಲುಗಿನವೂ ಹೌದು. ನಮ್ಮ ತೊಲೆ ಅಲ್ಲಿ ದೂಲಮು, ಜಂತೆ ಅಲ್ಲಿ ದಂತೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದಾಗ ಗಡಿ ಈ ಪದಗಳ ನಡುವೆ ಹಾದುಹೋಯಿತು. ಮಾಳಿಗೆ ಮಾತ್ರ ಎರಡೂ ಬದಿಯಲ್ಲಿ ಒಂದೇ ಆಗಿ ಉಳಿಯಿತು. ಇವನ್ನು ‘ಶುದ್ಧ ಕನ್ನಡ’, ‘ತೆಲುಗಿನ ಪ್ರಭಾವ’ ಎಂದು ವಿಂಗಡಿಸಲು ಹೊರಡುವ ನಮ್ಮ ಅಧ್ಯಯನಗಳು (ನನ್ನ ಹಿಂದಿನ ಬರಹವೂ ಸೇರಿ) ಮನೆಯನ್ನು ಬಿಟ್ಟು ನಿಘಂಟನ್ನು ಹೊಕ್ಕಿವೆ.

ಆರ್‌ಸಿಸಿ ಬಂದಲ್ಲಿ ಸೌಳು ಹರಡುವ ಕೆಲಸ ನಿಲ್ಲುತ್ತದೆ. ತೊಲೆ, ಜಂತೆಗಳು ಕನ್ನಡ ಮಾಧ್ಯಮದ ಮಕ್ಕಳಿಗೂ ಅರ್ಥ ಕೇಳಬೇಕಾದ ಪದಗಳಾಗುತ್ತವೆ. ಆದ್ದರಿಂದ ಕ್ಷೇತ್ರಕಾರ್ಯ ಬೇಸಿಗೆಯ ಕೊನೆಯಲ್ಲಿ ನಡೆಯಬೇಕು: ಮಣ್ಣಿನ ಬುಟ್ಟಿ ಏಣಿ ಹತ್ತುವಾಗ, ಕೆಳಗಿನವರು ಮೇಲಿನವರನ್ನು ಯಾವ ನುಡಿಯಲ್ಲಿ ಕೂಗುತ್ತಾರೆಂದು ಕೇಳಿಸಿಕೊಳ್ಳುವುದಕ್ಕೆ.