ಭಾಗವತರ ಕಣ್ಣು

ಸಿನಿಮಾ ನೋಡಿ ಬಂದವರನ್ನು ಕೋಟೇಶ್ವರದ ಕಡೆ ಯಾರೂ ‘ಪದ ಹ್ಯಾಂಗಿತ್ತ್?’ ಎಂದು ಕೇಳುವುದಿಲ್ಲ. ಅದು ಯಕ್ಷಗಾನದ ಆಟ ನೋಡಿ, ಹಾಡಿ ಆಟ ನಡೆಸುವ ಭಾಗವತರ ಪದ ಕೇಳಿ ಬಂದವರಿಗೆ ಮೀಸಲು. 2025ರ ಏಪ್ರಿಲ್ 18ರಂದು ತೆರೆಕಂಡ ‘ವೀರ ಚಂದ್ರಹಾಸ’ಕ್ಕೆ ಮಾತ್ರ ಆ ಪ್ರಶ್ನೆ ಹಾಕಲೇಬೇಕು. ‘ಕೆಜಿಎಫ್’ಗೆ ಸಂಗೀತ ಕೊಟ್ಟ, ಇಲ್ಲೇ ಪಕ್ಕದ ಬಸ್ರೂರಿನವರೇ ಆದ ರವಿ ಬಸ್ರೂರು ಯಕ್ಷಗಾನ ಪ್ರಸಂಗವನ್ನು ವೇಷ, ಬಣ್ಣ, ಅರ್ಥಗಾರಿಕೆ ಸಮೇತ ತೆರೆಗೆ ತಂದ ಚಿತ್ರ ಅದು.

ಕಂಠ ಇಂಪಾಗಿದೆಯೇ ಎಂಬುದು ನನ್ನ ಮಟ್ಟಿಗೆ ಎರಡನೆಯ ಮಾತು. ರಂಗಸ್ಥಳದಲ್ಲಿ ಭಾಗವತರ ಕಣ್ಣು ವೇಷಧಾರಿಯ ಕಾಲ ಮೇಲಿರುತ್ತದೆ. ಕುಣಿತ ಕಳೆಗಟ್ಟಿದರೆ ಅದೇ ಸಾಲನ್ನು ಮತ್ತೆ ಎತ್ತುತ್ತಾರೆ; ದಣಿವು ಕಂಡರೆ ಮುಕ್ತಾಯಕ್ಕೆ ತರುತ್ತಾರೆ. ಮದ್ದಳೆ, ಚಂಡೆ ಆ ಗಳಿಗೆಯ ತೀರ್ಮಾನದ ಹಿಂದೆ ಹೋಗುತ್ತವೆ. 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಹಳೆಯ ಕ್ಯಾಸೆಟ್ಟುಗಳನ್ನು ನಮ್ಮವರು ಇನ್ನೂ ಬಿಟ್ಟಿಲ್ಲವಲ್ಲ, ಅದು ಬರೀ ಸ್ವರದ ಮೋಹವಲ್ಲ. ಸಿನಿಮಾದ ರೂಢಿಯೇ ಬೇರೆ. ಅಲ್ಲಿ ಪದ ಮೊದಲೇ ಧ್ವನಿಮುದ್ರಣವಾಗಿರುತ್ತದೆ, ಕಾಲು ಅದಕ್ಕೆ ಹೊಂದಿಕೊಳ್ಳಬೇಕು. ಕಥೆಯ ನಡೆ ಭಾಗವತರ ಕೈಯಿಂದ ಸಂಕಲನಕಾರರ ಕೈಗೆ ಹೋಗುತ್ತದೆ.

ಇದರ ಪರೀಕ್ಷೆ ಉದ್ಯಾನದ ಸನ್ನಿವೇಶದಲ್ಲಿ. ಚಂದ್ರಹಾಸ ಮಲಗಿದ್ದಾನೆ; ಅವನಿಗೆ ವಿಷ ಕೊಡೆಂದು ಮಂತ್ರಿ ದುಷ್ಟಬುದ್ಧಿ ಮಗನಿಗೆ ಬರೆದ ಓಲೆ ಮಂತ್ರಿಯ ಮಗಳು ವಿಷಯೆಯ ಕೈಗೆ ಸಿಗುತ್ತದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ ಓದಿದವರಿಗೆಲ್ಲ ಗೊತ್ತಿರುವ ಕಥೆ, ಆದ್ದರಿಂದ ಕುತೂಹಲ ಏನಾಯಿತು ಎಂಬುದರಲ್ಲಿಲ್ಲ. ಓಲೆ ಓದುವುದು, ಬೆಚ್ಚುವುದು, ‘ವಿಷ’ವನ್ನು ‘ವಿಷಯೆ’ ಎಂದು ಕಾಡಿಗೆಯಿಂದ ತಿದ್ದುವುದು, ಇಷ್ಟನ್ನು ಕ್ಯಾಮೆರಾ ಗಳಿಗೆಯಲ್ಲಿ ತೋರಿಸಿಬಿಡಬಲ್ಲದು. ಪದಕ್ಕೆ ಸಮಯ ಬೇಕು. ಹುಡುಗಿಯ ಮನಸ್ಸು ತಿರುಗುವುದು ಆ ಸಮಯದಲ್ಲೇ. ಇಂಥ ಕಡೆ ಅವಸರ ಮಾಡಿದ ಚಿತ್ರ ಯುದ್ಧದಲ್ಲಿ ಎಷ್ಟು ಅಬ್ಬರಿಸಿದರೂ ನಾನು ಅಂಕ ಕೊಡಲಾರೆ. ಹಿನ್ನೆಲೆ ವಾದ್ಯಗಳ ರಾಶಿ ಏರಿದಾಗ ಸಾಹಿತ್ಯ ಮಸುಕಾಗುತ್ತದೆ ಎಂಬ ತಕರಾರೂ ನನ್ನದಿದೆ. ಚಂಡೆಗೆ ಬೆಂಬಲ ಯಾಕೆ ಮಾರಾಯ್ರೇ?

ಕೋಟದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಮಾತನ್ನೇ ಕೈಬಿಟ್ಟಿದ್ದರು. ಬಸ್ರೂರರು ವಾದ್ಯ ಸೇರಿಸಿದರು, ಮಾತು ಬಿಡಲಿಲ್ಲ. ಪದ ಹೇಳಿದ್ದನ್ನೇ ಅರ್ಥದ ಮಾತು ಮತ್ತೆ ಹೇಳುತ್ತದೆ, ತೆರೆಗೆ ಅದು ಭಾರ ಎನ್ನುವವರಿದ್ದಾರೆ. ಅವರು ಪ್ರಸನ್ನ ಶೆಟ್ಟಿಗಾರ್ ಮಂದಾರ್ತಿಯವರ ದುಷ್ಟಬುದ್ಧಿಯನ್ನು ಕೇಳಬೇಕು: ಮೇಳದಲ್ಲಿ ಪಳಗಿದ ಆ ನಾಲಿಗೆಯಲ್ಲಿ ಮಂತ್ರಿಯ ಕುಯುಕ್ತಿ ಪದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಹೋಗುತ್ತದೆ.