ಮೊದಲು ಅರ, ಆಮೇಲೆ ಮಷೀನು

ಬೆಂಗಳೂರಿನ ಶ್ರೀಗಂಧದ ಕಾವಲಿನಂಥ ಕಡೆ ಬೀಗದ ಕೆಲಸಕ್ಕೆ ಇಳಿಯುವ ಹುಡುಗರ ಕಣ್ಣು ಮೊದಲು ಬೀಳುವುದು ಕೀ ಕತ್ತರಿಸುವ ಮಷೀನಿನ ಮೇಲೆ. ನನ್ನ ಮಾತು: ಅವರು ಮೊದಲು ಅರ ಹಿಡಿಯಲಿ. ಮಷೀನು ಎದುರಿಗಿಟ್ಟ ಕೀಯನ್ನು ನೋಡಿ ಕತ್ತರಿಸುತ್ತದೆ, ಅಷ್ಟೇ. ಹಲ್ಲು ಸವೆದ ಕೀ ಇಟ್ಟರೆ ಸವಕಲನ್ನೂ ನಕಲು ಮಾಡುತ್ತದೆ. ಇದ್ದೊಂದು ಕೀಯೂ ಕಳೆದಿದ್ದರೆ ಅದಕ್ಕೆ ನೋಡಲು ಏನೂ ಇಲ್ಲ. ಸುಂಕದಕಟ್ಟೆ, ಹೇರೋಹಳ್ಳಿ ಕಡೆಯ ಬಾಡಿಗೆ ಮನೆಗಳಿಂದ ಕಷ್ಟದ ಗಿರಾಕಿ ಬರುವುದು ಹಾಗೆ ಬರಿಗೈಯಲ್ಲೇ. ಅರ ಬಲ್ಲವನು ಹಿತ್ತಾಳೆಯ ಖಾಲಿ ಕೀಯನ್ನು ನುಣ್ಣಗೆ ಉಜ್ಜಿ, ಬೀಗಕ್ಕೆ ತೂರಿಸಿ, ಹಿಡಿತ ಬರುವಷ್ಟು ತಿರುಗಿಸಿ, ಹೊರಗೆಳೆದು ಬೆಳಕಿಗೆ ಹಿಡಿಯುತ್ತಾನೆ. ಬೀಗದೊಳಗೆ ಅಡ್ಡ ನಿಂತ ಪಿನ್ನು ಅಲ್ಲೊಂದು ಸಣ್ಣ ಚುಕ್ಕೆ ಒತ್ತಿರುತ್ತದೆ. ಅಲ್ಲಿ ಎರಡೇ ಎಳೆತ ಉಜ್ಜಿ ಮತ್ತೆ ತೂರಿಸುವುದು. ಚುಕ್ಕೆ ಮೂಡದಿದ್ದರೆ ಪಿನ್ನು ತನ್ನ ಮಟ್ಟಕ್ಕೆ ಬಂತೆಂದು ಲೆಕ್ಕ. ಒಂದೆಳೆತ ಹೆಚ್ಚಾಯಿತೋ, ಕೀ ಗುಜರಿಗೆ. 1861ರಲ್ಲಿ ಲೈನಸ್ ಯೇಲ್ ಜೂನಿಯರ್ ಪೇಟೆಂಟ್ ಪಡೆದ ಪಿನ್ ಬೀಗದ ಒಳಗುಟ್ಟು ಬೆರಳಿಗೆ ತಿಳಿಯುವುದು ಹೀಗೆ.

ಇನ್ನೊಂದು ಪಂಗಡ ಕೊಕ್ಕೆಕಡ್ಡಿಯವರದು, ವಿಡಿಯೊ ನೋಡಿ ಅರೆ ನಿಮಿಷದಲ್ಲಿ ಬೀಗ ತೆಗೆಯುತ್ತೇವೆನ್ನುವವರು. ಅವರ ಕುಲದೇವರು 1851ರ ಲಂಡನ್ ಮಹಾಪ್ರದರ್ಶನದ ಹೊತ್ತಿಗೆ ಹೆಸರಾದ ಅಮೆರಿಕದ ಆಲ್ಫ್ರೆಡ್ ಹಾಬ್ಸ್. ಚಬ್ ಬೀಗವನ್ನು ಆತ ಅರ್ಧ ಗಂಟೆಯೊಳಗೆ ತೆಗೆದದ್ದು ನಿಜ. ಆದರೆ 200 ಗಿನಿ ಬಹುಮಾನದ ಬ್ರಾಮಾ ಬೀಗ ತೆಗೆಯಲು ಹಿಡಿದದ್ದು 51 ಗಂಟೆ, ಅದೂ 16 ದಿನಗಳ ಉದ್ದಕ್ಕೆ. ಅಷ್ಟು ದಿನ ಯಾವ ಮನೆಯವರು ಮೆಟ್ಟಿಲ ಮೇಲೆ ಕೂತಿರುತ್ತಾರೆ? ಮೇಲಾಗಿ ಬೀಗ ತೆಗೆದುಕೊಟ್ಟರೆ ಅರ್ಧ ಕೆಲಸ. ರಾತ್ರಿ ಮತ್ತೆ ಬಾಗಿಲು ಭದ್ರ ಮಾಡಲು ಕೀ ಬೇಕಲ್ಲ, ಅದನ್ನು ಕೊಕ್ಕೆಕಡ್ಡಿ ಮಾಡಿಕೊಡದು.

ಉಜ್ಜುತ್ತ ಕೂತರೆ ಹೊಟ್ಟೆ ತುಂಬೀತೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಂಗಡಿ ಬಾಡಿಗೆ ಹುಟ್ಟಬೇಕಾದರೆ ಡೂಪ್ಲಿಕೇಟ್ ಕೀಗೆ ಮಷೀನು ಬೇಕೇ ಬೇಕು. ನನ್ನ ತಕರಾರು ಕ್ರಮದ್ದು. ಐಟಿಐಯ ಎರಡು ವರ್ಷದ ಫಿಟ್ಟರ್ ಕೋರ್ಸಿನಲ್ಲೂ ಮಷೀನಿಗೆ ಮೊದಲು ವೈಸಿನ ಮುಂದೆ ನಿಲ್ಲಿಸಿ ಅರ ಹಾಕಿಸುತ್ತಾರೆ. ಹಾಗೆ ಕೈ ಪಳಗಿದವನಿಗೆ ಮಷೀನು ಕೊಟ್ಟ ಕೀ ಎಲ್ಲಿ ತಡೆಯುತ್ತದೆಂದು ಗೊತ್ತಾಗುತ್ತದೆ. ಉಳಿದವರು ಎಣ್ಣೆ ಬಿಟ್ಟು, ಬೀಗವೇ ಹಳತಾಯಿತೆಂದು ಸಾಗಹಾಕುತ್ತಾರೆ. ಡಿಜಿಟಲ್ ಬೀಗ ಬಂತಲ್ಲ ಎನ್ನುವವರು ಅದರ ಮುಚ್ಚಳ ಸರಿಸಿ ನೋಡಲಿ: ಬ್ಯಾಟರಿ ಕೈಕೊಟ್ಟಾಗ ಬೇಕೆಂದು ಎಷ್ಟೋ ಬೀಗಗಳಲ್ಲಿ ಕೀ ತೂತು ಇದ್ದೇ ಇದೆ.